ಷರಾ

ಕುರುಗೋಡಿನ ದಾರಿಯಲ್ಲಿ, ಜಾಲಿ ದಾಟಿ ಎಡಕ್ಕೆ,
ಚತುಷ್ಪಥದ ಕೆಂಪು ಗೂಟ ನೂರಾ ಹನ್ನೆರಡು
ನೆಟ್ಟಿರುವುದು ಬೂದಿಯಲ್ಲಿ.
ಸುತ್ತಲೂ ಎರೆನೆಲ, ಕಪ್ಪು, ಬಿರಿದದ್ದು;
ನಡುವೆ ಇದೊಂದು ಬೋಳು ನೆತ್ತಿಯ ದಿಬ್ಬ.

ನನಗೆ ಕೊಟ್ಟದ್ದು ಆರು ದಿನ,
ಒಂದು ಜೀಪು, ನಾಲ್ಕು ಜರಡಿ,
ಹದಿನಾಲ್ಕು ಕಲಮುಗಳ ನಮೂನೆ.
ಕೊನೆಯ ಕಲಮು ಷರಾ. ಬೆರಳಗಲ ಜಾಗ.

"ರಾಕ್ಷಸನ್ನ ಸುಟ್ಟ ಬೂದಿ ಇದು" ಅಂದ ಗಾದಿಲಿಂಗ,
ಕುರಿ ಬಿಟ್ಟು ನನ್ನ ಟೇಪಿನ ತುದಿ ಹಿಡಿದವನು.
"ಎಷ್ಟು ದೊಡ್ಡೋನಿದ್ದ ನೋಡ್ರಿ ಮೇಡಂ,
ಊರೂರಿಗೂ ಒಂದೊಂದು ಗುಡ್ಡೆ ಬಿದ್ದಾನೆ."
ಅವನ ಅತ್ತೆ ಈರಮ್ಮ ನಕ್ಕಳು:
"ರಾಕ್ಷಸನೋ ಯಾರೋ, ಹಿತ್ತಾಳೆ ಮಾತ್ರ ಫಳಫಳ ಅಂತೈತೆ."
ಮೂರು ತಲೆಮಾರಿನ ಚರಿಗೆ ಬೆಳಗಿದ್ದು ಇದರಿಂದಲೇ.
ಮೂಡಣ ಮಗ್ಗುಲಲ್ಲಿ ಬೊಗಸೆ ಬೊಗಸೆ ಸವೆದ ಗುರುತು.
ಅದನ್ನೂ ಅಳೆದು ಬರೆದುಕೊಂಡೆ.

ರಾಕ್ಷಸನಲ್ಲ, ಸಗಣಿ ಎನ್ನಲು ನಾಲಿಗೆ ತಡವರಿಸಿತು.
ದನದ ದೊಡ್ಡಿ. ವರ್ಷಗಟ್ಟಲೆಯ ಸಗಣಿ ಒಟ್ಟಿ
ಯಾವುದೋ ರಾತ್ರಿ ಬೆಂಕಿ ಇಟ್ಟರು,
ಅದರ ಮೇಲೆಯೇ ಮತ್ತೆ ದನ ಕಟ್ಟಿದರು, ಮತ್ತೆ ಸುಟ್ಟರು,
ಕಬ್ಬಿಣದ ಹೆಸರು ಯಾರ ಬಾಯಲ್ಲೂ ಇಲ್ಲದ ಕಾಲಕ್ಕೆ.
ಯಾಕೆ ಸುಟ್ಟರೆಂದು ನಮ್ಮವರಲ್ಲೇ ಮೂರು ಜಗಳ.
"ಸುಡದಿದ್ರೆ ಉಣ್ಣಿ ಆಗ್ತಾವಲ್ಲ" ಅಂದಳು ಈರಮ್ಮ.
ಜಗಳ ನಾಲ್ಕಾಯಿತು.

ಮೂರು ವರ್ಷದ ಹಿಂದೆ, ಸಿಂಧನೂರಿನ ಕಡೆ,
ಕಾಲುವೆ ಕೆಲಸಕ್ಕೆ ಹೀಗೇ ಹೋಗಿದ್ದೆ.
ಭತ್ತ ಸೊಂಟಮಟ್ಟ ನಿಂತಿತ್ತು. ಒಂದೇ ಮಧ್ಯಾಹ್ನ.
ಬದುವಿನ ಮೇಲಿಂದ ನೋಡಿ, ಎರಡು ಮಡಕೆಚೂರು
ಕಿಸೆಗೆ ಹಾಕಿಕೊಂಡು,
ಪರಿಣಾಮ: ಅಲ್ಪ, ಎಂದು ಬರೆದು ಸಹಿ ಮಾಡಿದೆ.
ಆಮೇಲೆ ಯಾರೋ ಫೋಟೊ ಕಳಿಸಿದರು:
ಕಾಲುವೆಯ ಅಂಚಿನಲ್ಲಿ ಅರ್ಧಕ್ಕೆ ಕತ್ತರಿಸಿದ ಗುಡಾಣ,
ಒಳಗೊಂದು ದವಡೆ.
ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ.
ಆ ಚೂರುಗಳು ಈಗಲೂ ನನ್ನ ಮೇಜಿನ ಖಾನೆಯಲ್ಲಿವೆ,
ಗುಂಡುಪಿನ್ನುಗಳ ಜೊತೆ.

ಐದನೆಯ ದಿನ ಬೆಳಿಗ್ಗೆ ಹಿಟಾಚಿ ಬಂದು ನಿಂತಿತ್ತು,
ಗಡುವಿಗೆ ಮುಂಚೆಯೇ.
"ಬಾಡಿಗೆ ಗಂಟೆ ಲೆಕ್ಕ ಮೇಡಂ" ಅಂದರು ಮ್ಯಾನೇಜರು,
ಮಿರ್ಚಿ ಕಟ್ಟಿದ ಕಾಗದಕ್ಕೆ ಕೈ ಒರೆಸುತ್ತಾ.
ನಾನು ಕೂಗುವಷ್ಟರಲ್ಲಿ ಹೊನ್ನೂರಸಾಬ
ಬಕೆಟ್ಟು ಒಮ್ಮೆ ಊರಿದ, ಎತ್ತಿದ,
ನಿಲ್ಲಿಸಿ ಇಳಿದು ಬಂದ.
"ಮಣ್ಣಿಗೆ ಒಂದು ತೂಕ ಇರ್ತೈತೆ. ಇದಕ್ಕಿಲ್ಲ.
ಖಾಲಿ ಎತ್ತಿದಂಗಾತು. ಯಾಕೋ ಕೈ ಬರವಲ್ದು."
ಇಂಜಿನ್ ಆರಿಸಿ ಬೀಡಿ ಹಚ್ಚಿದ.
ಬಾಡಿಗೆ ಓಡುತ್ತಲೇ ಇತ್ತು.

ಬಕೆಟ್ಟು ಕಚ್ಚಿದ ಅಂಚನ್ನು ಕುಂಚದಿಂದ ಸವರುತ್ತಾ ಕೂತೆ.
ಬಿಳಿ ಪದರ, ಬೂದು, ಮತ್ತೆ ಬಿಳಿ. ಕೆಳಗೆ
ಎಂದೋ ಒದ್ದೆಯಾಗಿದ್ದು ಗಟ್ಟಿಯಾದ ಸಗಣಿನೆಲ, ಅದರಲ್ಲಿ
ಒಡೆದ ಅವರೆಕಾಳಿನಂಥ ಎರಡು ಅರೆ.
ಗೊರಸು. ನನ್ನ ಅಂಗೈಗಿಂತ ಸಣ್ಣದು.
ಗಾದಿಲಿಂಗ ಬಗ್ಗಿದ, ಉಸಿರು ಬಿಗಿಹಿಡಿದು:
"ಎಳಗರ. ಹಿಂದಲ ಎಡಗಾಲು. ಕುಂಟತೈತೆ,
ಈ ಬಾಜು ಭಾರಾನೇ ಹಾಕಿಲ್ಲ."

ಕಲಂ ಒಂಬತ್ತು: ಅಂದಾಜು ಮೌಲ್ಯ, ರೂಪಾಯಿಗಳಲ್ಲಿ.
ಗೀಟು ಎಳೆದೆ.
ಪರಿಣಾಮ: ತೀವ್ರ.
ಇದರಿಂದ ರಸ್ತೆ ಬಾಗುತ್ತದೆಂದು ಯಾರೂ ಮಾತು ಕೊಟ್ಟಿಲ್ಲ.
ಬಾಗಿದರೆ ಒಂದು ಮೆಣಸಿನಕಾಯಿ ಹೊಲ ಹೋಗುತ್ತದೆ;
ಅದು ಈರಮ್ಮನ ತಮ್ಮನದೆಂದು ನಿನ್ನೆ ಗೊತ್ತಾಯಿತು.
ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಷರಾದಲ್ಲಿ ಬರೆದೆ:
ಕರು. ಎಡ ಹಿಂಗಾಲು ನೋವಿದ್ದಿರಬಹುದು.
ದೊಡ್ಡಿಯ ಬಾಗಿಲ ಕಡೆಗೆ ಮುಖ.
ಜಾಗ ಮುಗಿಯಿತು.

ಸಂಜೆ ಈರಮ್ಮ ಬರಿ ಬುಟ್ಟಿ ಹಿಡಿದು ಬಂದು
ನಾನು ಕಟ್ಟಿದ ದಾರದ ಆಚೆ ನಿಂತಳು,
ದಾಟಲೋ ಬೇಡವೋ ಎಂದು.
ಮೂಡಣ ಮಗ್ಗುಲು ತೋರಿಸಿ
ದಾರ ಎತ್ತಿ ಹಿಡಿದೆ.